ಮೇಜರ್ ಸಾಹೇಬ್ರ ಕುದುರೆ ಅಂಗಳ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ನಾನು ಮೋರಿ ಕಟ್ಟಿಸಿದ್ದೇನೆ, ಶಾಲೆ ಕಟ್ಟಿಸಿದ್ದೇನೆ, ಸೇತುವೆಯನ್ನೂ ಕಟ್ಟಿಸಿದ್ದೇನೆ. ಅವುಗಳ ಬಗ್ಗೆ ಇವತ್ತಿನವರೆಗೆ ಒಬ್ಬ ನರಪಿಳ್ಳೆಯೂ ಕೇಳಿಲ್ಲ. ಎಲ್ಲಿ ನಾಲ್ಕು ಜನ ಸೇರಿದರೂ, "ಆ ಕುದುರೆ ಅಂಗಳದ ಕಥೆ ಹೇಳಿ ಮಾರಾಯ್ರೇ" ಅನ್ನುತ್ತಾರೆ. ಏನು ಮಾಡಲಿ? ಗಂಭೀರವಾಗಿ ಕೆಲಸ ಮಾಡಲು ಹೊರಟವನನ್ನೇ ಹುಡುಕಿಕೊಂಡು ಇಂಥ ಪ್ರಸಂಗಗಳು ಬರುತ್ತವೆ.

ಅರವತ್ತರ ದಶಕದ ಮಾತು. ಆಗ ನಾನು ಸಾಗರದ ಒಬ್ಬ ಕಂಟ್ರಾಕ್ಟರರ ಹತ್ತಿರ ಓವರ್ಸಿಯರ್. ಸೈನ್ಯದಿಂದ ನಿವೃತ್ತರಾದ ಮೇಜರೊಬ್ಬರು ಹೊಸನಗರದ ಕಡೆ ಒಂದು ಬೋಳುಗುಡ್ಡದ ಮೇಲೆ ಮನೆ ಮಾಡಿದ್ದರು. ಮನೆಯಲ್ಲಿ ಅವರು, ಅವರ ಹೆಂಡತಿ, ಹಿತ್ತಲಿನಲ್ಲಿ ಒಂದು ಕುದುರೆ. ನನ್ನನ್ನು ಕರೆಸಿ ಕೂರಿಸಿಕೊಂಡರು.

"ನೋಡಿ ಓವರ್ಸಿಯರ್, ನನ್ನ ಮೊಣಕಾಲಿಗೆ ಪೆಟ್ಟಾಗಿದೆ. ಈ ಗುಡ್ಡದ ದಾರೀಲಿ ಸವಾರಿ ಮಾಡಿದ್ರೆ ಇನ್ನೊಂದು ಕಾಲೂ ಹೋಗ್ತದೆ ಅಂತಾರೆ ಡಾಕ್ಟರು. ಸವಾರಿ ಬಿಟ್ರೆ ನಾನೇ ಹೋಗ್ತೀನಿ. ಅದಕ್ಕೇ ಒಂದು ಸಮತಟ್ಟಾದ ಅಂಗಳ ಬೇಕು. ಸುತ್ತ ಬೇಲಿ, ಮೇಲೆ ಮರಳು. ಎಂಥ ಮಳೆ ಬಂದ್ರೂ ಕೆಸರಾಗಬಾರದು."

ನಮ್ಮ ಕಡೆ ಮಳೆಗಾಲದಲ್ಲಿ ನಿಂತ ಮನುಷ್ಯನ ಮೇಲೂ ಪಾಚಿ ಕಟ್ಟುತ್ತದೆ. ನೆಲ ಕೆಸರಾಗಬಾರದಂತೆ! ಆದರೆ ಅವರು ಹೇಳುವಾಗ ಮೊಣಕಾಲು ಸವರಿಕೊಂಡ ರೀತಿ ನೋಡಿ ಇಲ್ಲ ಅನ್ನಲಾಗಲಿಲ್ಲ.

ಗೂಟ

ಮೊದಲ ದಿನ ಸರಪಳಿ ಹಿಡಿದು ಅಳತೆ ಮಾಡಿದೆವು. ನಾಲ್ಕು ಮೂಲೆಗೆ ಗೂಟ ಹೊಡೆದು, ಕೆಂಪು ಬಟ್ಟೆ ಕಟ್ಟಿ, ಸುಣ್ಣದ ಗೆರೆ ಎಳೆದೆವು. ಲಿಂಗನಮಕ್ಕಿ ಅಣೆಕಟ್ಟಿನ ಕಾಲ ಅದು. ಎಲ್ಲಿ ಗೂಟ ಕಂಡರೂ ಜನರ ಎದೆ ಝಲ್ಲೆನ್ನುತ್ತಿತ್ತು. ಗೂಟದ ಹಿಂದೆ ಅಳತೆ, ಅಳತೆಯ ಹಿಂದೆ ನೀರು.

ಮಧ್ಯಾಹ್ನದ ಹೊತ್ತಿಗೆ ಗುಡ್ಡದ ತುಂಬ ಜನ. ಎಲ್ಲರಿಗಿಂತ ಮುಂದೆ ಒಬ್ಬ ಅಜ್ಜಿ, ಕೋಲೂರಿಕೊಂಡು, ಏದುಸಿರು ಬಿಡುತ್ತಾ ಬಂದರು.

"ತಮಾ, ಇಲ್ಲಿಗೂ ನೀರು ಬತ್ತಾ? ಎಂಗೊ ಮುಳುಗಡೆ ಊರಿಂದ ಎದ್ದು ಬಂದು ಈಗಷ್ಟೇ ಇಲ್ಲಿ ಒಲೆ ಹಾಕಿದ್ದು."

"ಇಲ್ಲ ಅಮ್ಮಾ, ನೀರೂ ಇಲ್ಲ, ಮುಳುಗಡೆಯೂ ಇಲ್ಲ. ಇದು ಸಾಹೇಬ್ರ ಕುದುರೆ ಓಡಾಡಲಿಕ್ಕೆ" ಅಂದೆ.

ಅಜ್ಜಿ ಸುಣ್ಣದ ಗೆರೆಯನ್ನು ಈ ಮೂಲೆಯಿಂದ ಆ ಮೂಲೆಯವರೆಗೆ ನೋಡಿದರು.

"ಒಂದು ಕುದ್ರೆಗೆ ಇಷ್ಟು ಜಾಗವಾ! ಎಂಗೊ ಕುದ್ರೆ ಆಗಿ ಹುಟ್ಟಕಾಗಿತ್ತು."

ನಿಂಬೆಹಣ್ಣು

ಗುಡ್ಡ ಕಡಿದು, ಜಂಬಿಟ್ಟಿಗೆ ಕಲ್ಲಿನ ಚೂರು ತುಂಬಿಸಿ, ದಮ್ಮಸ್ಸು ಹೊಡೆಸಿ ಗಟ್ಟಿ ಮಾಡಿಸಿದೆ. ನೀರು ಹರಿದುಹೋಗಲು ಒಂದು ಕಡೆಗೆ ಸ್ವಲ್ಪ ವಾಟ ಕೊಟ್ಟಿದ್ದೆ. ಮೇಜರ್‌ಗೆ ಅದು ಹಿಡಿಸಲಿಲ್ಲ. "ಮೇಜಿನ ಹಾಗೆ ಮಟ್ಟ ಇರಬೇಕು" ಅಂದರು. "ಮೇಜಿನ ಮೇಲೆ ಮಳೆ ಬರೋದಿಲ್ಲ ಸಾರ್" ಅಂದೆ. ನನ್ನ ಮಾತು ನಂಬದೆ ವಾಟ ಎಷ್ಟಿದೆಯೆಂದು ತಾವೇ ಪರೀಕ್ಷಿಸಲು ಹೊರಟರು.

ಮರುದಿನ ಬೆಳಿಗ್ಗೆ ಆಳುಗಳು ಕೆಲಸಕ್ಕೆ ಬಂದಾಗ ಕಂಡ ದೃಶ್ಯ ಇದು: ಅಂಗಳದ ಮೂಲೆಮೂಲೆಗೊಂದು ನಿಂಬೆಹಣ್ಣು. ನಟ್ಟನಡುವೆ ಮೇಜರ್ ಪೆಟ್ಟಾದ ಕಾಲು ಚಾಚಿ ನೆಲಕ್ಕೆ ಕೂತು, ಇನ್ನೊಂದು ನಿಂಬೆಹಣ್ಣು ನೆಲಕ್ಕಿಟ್ಟು, ಕಣ್ಣು ಮಿಟುಕಿಸದೆ ನೋಡುತ್ತಾ ಏನೋ ಲೆಕ್ಕ ಪಿಟಿಪಿಟಿ ಗುಣುಗುತ್ತಿದ್ದಾರೆ. ನಿಂಬೆಹಣ್ಣು ತಾನಾಗಿಯೇ ಉರುಳತೊಡಗಿತು!

ಹಾರೆ, ಗುದ್ದಲಿ ಅಲ್ಲಲ್ಲೇ ಬಿಟ್ಟು ಆಳುಗಳೆಲ್ಲ ಗುಡ್ಡ ಇಳಿದರು. ನಾನು ಓಡಿಹೋಗಿ ಕೇಳಿದರೆ ಮೇಸ್ತ್ರಿ, "ಸಾಹೇಬ್ರು ಮಾಟ ಮಾಡ್ತಿದಾರೆ ಸಾರ್. ನಾವು ಮಕ್ಕಳು ಮರಿ ಇರೋರು" ಅಂದ. ಎಷ್ಟು ಹೇಳಿದರೂ ಒಬ್ಬನೂ ಬಗ್ಗಲಿಲ್ಲ.

ಕೊನೆಗೆ ಉಪಾಯ ಹೂಡಿದ್ದು ಮೇಜರ್ ಹೆಂಡತಿ. ಆ ನಿಂಬೆಹಣ್ಣುಗಳನ್ನೆಲ್ಲ ಆರಿಸಿ, ಎಲ್ಲರೆದುರೇ ಹಿಂಡಿ, ಬೆಲ್ಲ ಏಲಕ್ಕಿ ಹಾಕಿ ಪಾನಕ ಮಾಡಿದರು. ಮೊದಲು ತಾವು ಕುಡಿದರು, ಆಮೇಲೆ ಗಂಡನಿಗೆ ಕುಡಿಸಿದರು. ಇಬ್ಬರೂ ಬದುಕಿರುವುದನ್ನು ಖಾತ್ರಿ ಮಾಡಿಕೊಂಡು ಆಳುಗಳೂ ಕುಡಿದರು. ಕೆಲಸ ಶುರುವಾಯಿತು.

ಅಂದಿನಿಂದ ಬಿಸಿಲೇರಿದಾಗಲೆಲ್ಲ ಮೇಸ್ತ್ರಿ ಬೆವರು ಒರೆಸಿಕೊಳ್ಳುತ್ತಾ ಬಂದು ನಿಲ್ಲುತ್ತಿದ್ದ: "ಸಾಹೇಬ್ರು ಇವತ್ತು ವಾಟ ನೋಡಲ್ವಾ ಸಾರ್?"

ಹಪ್ಪಳ

ಹೊಳೆಯಿಂದ ಮರಳು ತರಿಸಿ, ಜರಡಿ ಹಿಡಿಸಿ ಹಾಸಿದೆವು. ಸುತ್ತ ಮರದ ಕಂಬದ ಬೇಲಿಯೂ ಆಯಿತು. ದನ ನುಗ್ಗುವುದಿಲ್ಲ, ಕೋಳಿ ಬರುವುದಿಲ್ಲ, ಇಡೀ ದಿನ ಬಿಸಿಲು. ಹಲಸಿನಕಾಯಿಯ ಕಾಲ ಬೇರೆ. ಮೇಜರ್ ಹೆಂಡತಿ ಒಂದು ಚಾಪೆ ಹಪ್ಪಳ ಒಣಗಿಸಿದರು. ಮರುದಿನ ಪಕ್ಕದ ಮನೆಯವರ ಚಾಪೆ ಬಂತು. ವಾರ ಕಳೆಯುವುದರೊಳಗೆ ಅಂಗಳದ ತುಂಬ ಚಾಪೆಗಳು.

ಮೇಜರ್ ಬೂಟು ಟೋಪಿ ಹಾಕಿ ಕುದುರೆ ಏರಿ ಬಂದು ದಂಗಾಗಿ ನಿಂತರು. "ಏನಿದು?"

ಕಾಗೆ ಕಾಯುತ್ತಿದ್ದ ಹೆಂಗಸೊಬ್ಬಳು ಕೂತಲ್ಲಿಂದಲೇ ಹೇಳಿದಳು, "ಸ್ವಲ್ಪ ಬದಿಗೆ ಹೊಡ್ಕೊಂಡು ಹೋಗಿ ಸಾಹೇಬ್ರೇ, ಹಸಿ ಅದಾವೆ."

ಯುದ್ಧ ಕಂಡ ಮನುಷ್ಯ, ಹೆಂಗಸರ ಮುಂದೆ ಏನೂ ನಡೆಯಲಿಲ್ಲ. ಚಾಪೆ ಚಾಪೆಗಳ ನಡುವಿನ ಸಂದಿಯಲ್ಲೇ ಸವಾರಿ ಮಾಡಿದರು. ಆ ಬೇಸಿಗೆ ಮುಗಿಯುವ ಹೊತ್ತಿಗೆ ಕುದುರೆ ಹೆಜ್ಜೆ ಅಳೆದು ಇಡುವುದನ್ನು ಕಲಿತಿತ್ತು.

ಅವರ ಹಳೆಯ ರೆಜಿಮೆಂಟಿನ ಗೆಳೆಯರೊಬ್ಬರು ಬಂದವರು ಬೆರಗಾದರು. "ಇಷ್ಟು ಚಿಕ್ಕ ಜಾಗದಲ್ಲಿ ಇಂಥ ತಿರುವು! ನಮ್ಮಲ್ಲಿ ವರ್ಷಗಟ್ಟಲೆ ಕಲಿಸಿದ್ರೂ ಬರೋದಿಲ್ಲ. ಗುರುತಿಗೆ ಏನು ಇಟ್ಟು ಕಲಿಸಿದ್ರಿ?"

ಮೇಜರ್ ಮೀಸೆ ತಿರುವಿ ಹೇಳಿದರು: "ಹಪ್ಪಳ."

ಬಸಿಗಾಲುವೆ

ಮಳೆಗಾಲ ಬಂತು. ನನಗೆ ನಿದ್ದೆಯಿಲ್ಲ. ಅಂಗಳ ಕೊಚ್ಚಿಹೋದರೆ ನನ್ನ ಹೆಸರೂ ಅದರೊಟ್ಟಿಗೇ ಹೋಗುತ್ತದೆ. ಜಡಿಮಳೆಯಲ್ಲೇ ಸಾಗರದಿಂದ ಬಸ್ಸು ಹಿಡಿದು ನೋಡಲು ಹೋದೆ. ಅಂಗಳದಲ್ಲಿ ಒಂದು ಹನಿ ನಿಂತಿರಲಿಲ್ಲ! ಅಂಗಳದ ಅಂಚಿಗೆ ತೋಡಿಸಿದ್ದ ಬಸಿಗಾಲುವೆಯಲ್ಲಿ ನೀರು ಭೋರೆಂದು ಹೋಗುತ್ತಿತ್ತು. ಎಲ್ಲಿಗೆ ಹೋಗುತ್ತದೆಂದು ಬೇಲಿಯಾಚೆ ಬಗ್ಗಿ ನೋಡಿದೆ. ಕುದುರೆಯ ಲದ್ದಿ ಸಮೇತ ಅಷ್ಟೂ ನೀರು ಕೆಳಗಿನ ರೈತನ ಗದ್ದೆಗೆ ಬೀಳುತ್ತಿತ್ತು.

ನೋಡುತ್ತಿದ್ದ ಹಾಗೇ ಕಂಬಳಿ ಕೊಪ್ಪೆ ಹಾಕಿಕೊಂಡ ಆ ರೈತ ಕತ್ತಿ ಹಿಡಿದು ಗುಡ್ಡ ಹತ್ತಿ ಬಂದ. ನಾನು ಬೇಲಿ ಕಂಬದ ಹಿಂದೆ ಸರಿದೆ.

"ಇದು ಮಾಡ್ಸಿದ್ದು ನೀವಾ?"

"ಹೌದು... ಅಂದ್ರೆ, ಸಾಹೇಬ್ರು ಹೇಳಿದ್ರು..."

"ಸಸಿ ಹ್ಯಾಂಗೆ ಎದ್ದಾವೆ ನೋಡಿದ್ರಾ? ನಮ್ಮಪ್ಪನ ಕಾಲದಲ್ಲೂ ಹಿಂಗೆ ಬಂದಿರ್ಲಿಲ್ಲ." ಹತ್ತಿರ ಬಂದು ದನಿ ತಗ್ಗಿಸಿದ. "ಸಾಹೇಬ್ರಿಗೆ ನೀವೇ ಹೇಳ್ಬೇಕು. ಇನ್ನೊಂದು ಕುದ್ರೆ ತರ್ಸಕ್ಕಾಗ್ತದಾ?"

ಉದ್ಘಾಟನೆ

ಮಳೆಗಾಲ ದಾಟಿದ ಅಂಗಳಕ್ಕೆ ಉದ್ಘಾಟನೆ ಆಗಲೇಬೇಕೆಂದು ಮೇಜರ್ ಹಟ ಹಿಡಿದರು. ಒಳಗಿನ ಉದ್ದೇಶ ಬೇರೆ ಇತ್ತು. ಗುಡ್ಡದ ಬುಡದ ರಸ್ತೆ ಹಾಳಾಗಿತ್ತು. ಶಿವಮೊಗ್ಗದಿಂದ ದೊಡ್ಡ ಅಧಿಕಾರಿಯೊಬ್ಬರನ್ನು ಕರೆಸಿದರೆ ಅವರ ಕಣ್ಣಿಗೆ ಬೀಳುತ್ತದಲ್ಲ!

ಅಧಿಕಾರಿ ಹೆಂಡತಿ ಸಮೇತ ಜೀಪಿನಲ್ಲಿ ಬಂದರು. ಓಲಗ ಊದಿಸಿದೆವು. ಪೇಟ ಸುತ್ತಿ, ಸೇವಂತಿಗೆ ಹಾರ ಹಾಕಿದೆವು. ಅವರಿಗೆ ಹುರುಪು ಬಂತು. "ನಾನೂ ಚಿಕ್ಕಂದಿನಲ್ಲಿ ಸವಾರಿ ಮಾಡಿದವನೇ" ಎಂದು ಕುದುರೆ ಏರಿಯೇಬಿಟ್ಟರು. ಒಂದು ಸುತ್ತು ಚೆನ್ನಾಗಿಯೇ ಬಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಅಷ್ಟರಲ್ಲಿ ಓಲಗದವರಿಗೆ ಅವಸರ. ಕೆಳಗಿನ ಊರಲ್ಲಿ ಮದುವೆಗೆ ಒಪ್ಪಿಕೊಂಡಿದ್ದರು. ದಡಬಡ ಗುಡ್ಡ ಇಳಿದು, ಮದುವೆ ಮನೆಯ ರಸ್ತೆಗೆ ಬಿದ್ದದ್ದೇ ಊದಲು ಶುರು ಮಾಡಿದರು. ಕುದುರೆಯ ಕಿವಿ ನೆಟ್ಟಗಾಯಿತು. ಅತಿಥಿಗಳಿಗೆಂದು ಬೇಲಿಯ ಬಾಗಿಲು ತೆಗೆದೇ ಇಟ್ಟಿದ್ದೆವು. ಓಡಲಿಲ್ಲ, ಕುಣಿಯಲಿಲ್ಲ. ಗಂಭೀರವಾಗಿ ಹೆಜ್ಜೆ ಹಾಕುತ್ತಾ ಅಧಿಕಾರಿಯನ್ನು ಹೊತ್ತು ಹೊರಟೇಬಿಟ್ಟಿತು.

"ನಿಲ್ಸಿ! ಯಾರಾದ್ರೂ ನಿಲ್ಸಿ!"

ನಾವೆಲ್ಲ ಹಿಂದೆ ಓಡಿದೆವು. ನಾವು ಹತ್ತಿರವಾದಷ್ಟೂ ಅದು ಹೆಜ್ಜೆ ಬೀಸಾಗಿ ಹಾಕಿತು. ಕುಂಟುತ್ತಾ ಓಡುತ್ತಿದ್ದ ಮೇಜರ್ ನನ್ನ ಕಿವಿಯಲ್ಲಿ ಹೇಳಿದರು, "ಅದು ಮೊದಲು ಭದ್ರಾವತೀಲಿ ಮದುವೆ ಮೆರವಣಿಗೆ ಕುದುರೆಯಾಗಿತ್ತು. ಓಲಗ ಕೇಳಿದ್ರೆ ಹಿಂದೆ ಹೋಗದೆ ಇರೋದಿಲ್ಲ."

"ಮೊದಲೇ ಹೇಳಬಾರದಿತ್ತಾ ಸಾರ್?"

"ಮಿಲಿಟರಿ ಕುದುರೆ ಅಂತ ಊರಿಗೆಲ್ಲ ಹೇಳಿಬಿಟ್ಟಿದ್ದೆನಲ್ಲ!"

ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ದಿಬ್ಬಣಕ್ಕೆ ಕಾದು ಸುಸ್ತಾಗಿದ್ದರು. ನೋಡುತ್ತಾರೆ, ಮುಂದೆ ಓಲಗ, ಕುದುರೆ ಮೇಲೆ ಪೇಟ ಹಾರ ತೊಟ್ಟ ಗಂಡಸು, ಹಿಂದೆ ಓಡಿಬರುವ ಜನ. ಕುದುರೆ ಚಪ್ಪರದ ಮುಂದೆ ಸರಿಯಾಗಿ ಬಂದು ನಿಂತಿತು. ಹೆಂಗಸರು ಆರತಿ ಎತ್ತಿದರು. ಗಂಡಸರು ಇಳಿಸಿಕೊಂಡು, ಕಾಲು ತೊಳೆದು, ಜಮಖಾನದ ಮೇಲೆ ಕೂರಿಸಿದರು. ಅಧಿಕಾರಿ ಏನೋ ಹೇಳಲು ಬಾಯಿ ತೆರೆದರೆ ಕೈಗೆ ಪಾನಕದ ಲೋಟ ಬಂತು.

ಒಬ್ಬ ಅಜ್ಜ ಬಗ್ಗಿ ನೋಡಿ, "ಪಟದಲ್ಲಿ ಮೀಸೆ ಕಪ್ಪಗಿತ್ತಲ್ಲೋ?" ಅಂದ.

"ಸುಮ್ನಿರಪ್ಪ, ರಸ್ತೆ ಧೂಳು" ಅಂದ ಮಗ.

ನಾವು ತಲುಪುವುದಕ್ಕೂ ನಿಜವಾದ ದಿಬ್ಬಣ ಬರುವುದಕ್ಕೂ ಸರಿಹೋಯಿತು. ಅದೇ ರಸ್ತೆಯ ಹೊಂಡದಲ್ಲಿ ಅವರ ವ್ಯಾನು ಹೂತುಹೋಗಿ, ಎಲ್ಲರೂ ತಳ್ಳಿಕೊಂಡು ಬಂದಿದ್ದರು. ಗುಟ್ಟು ರಟ್ಟಾಗಿ ಇಡೀ ಚಪ್ಪರ ಬಿದ್ದು ಬಿದ್ದು ನಕ್ಕಿತು. ಒಳ್ಳೆಯ ಮನುಷ್ಯ, ಅಧಿಕಾರಿಯೂ ನಕ್ಕರು. "ಈ ರಸ್ತೆಯ ಒಂದೊಂದು ಹೊಂಡವೂ ನನ್ನ ಸೊಂಟಕ್ಕೆ ಗೊತ್ತಾಗಿದೆ, ಮಾಡಿಸಿಕೊಡ್ತೀನಿ" ಅಂದರು. ಮುಂದಿನ ಬೇಸಿಗೆಯಲ್ಲಿ ಮಾಡಿಸಿಯೂ ಕೊಟ್ಟರು.

ಅವತ್ತು ಚಪ್ಪರದ ನಗು ಇನ್ನೂ ನಿಂತಿರಲಿಲ್ಲ, ಜೀಪು ಬಂತು. ಅಧಿಕಾರಿಯ ಹೆಂಡತಿ ಇಳಿದು ಚಪ್ಪರದ ಬಾಗಿಲಲ್ಲಿ ನಿಂತರು. ಹಣೆಯ ಮೇಲೆ ಆರತಿ ಕುಂಕುಮ, ಕೊರಳಲ್ಲಿ ಹಾರ, ಕೈಯಲ್ಲಿ ಪಾನಕದ ಲೋಟ ಹಿಡಿದು ಕೂತ ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಕೇಳಿದರು:

"ಎಲ್ಲಾ ಮುಗೀತಾ, ಇಲ್ಲಾ ತಾಳಿ ಕಟ್ಟೋದೊಂದು ಬಾಕಿ ಇದೆಯಾ?"