ಕಾಡು ದಾಟಿಸುವ ಕರ್ಮ

ಮೂರು ಜನರನ್ನು ಕೂರಿಸಿಕೊಂಡು ಇಲ್ಲದ ಕಾಡೊಂದನ್ನು ದಾಟಿಸಲು ಹೋದರೆ ಏನೇನು ಅನುಭವಿಸಬೇಕು ಅಂತ ನನ್ನನ್ನು ಕೇಳಿ. ನನಗಂತೂ ವಾರಕ್ಕೊಂದು ಗ್ರಹಚಾರ ತಪ್ಪಿದ್ದಲ್ಲ. ಮಧುಗಿರಿಯ ನಮ್ಮ ಮನೆ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ದಾಳದ ಆಟ ನಡೆಯುತ್ತದೆ. ಕಥೆ ಹೇಳುವವನು ನಾನು. ಶಿರಾದ ಬಸ್ ಕಂಡಕ್ಟರು ಕಥೆಯೊಳಗೆ ರಾಜಕುಮಾರ, ಪಾವಗಡದ ಮೆಡಿಕಲ್ ಸ್ಟೋರಿನವರು ಮಂತ್ರವಾದಿ, ಕೊರಟಗೆರೆಯ ನರ್ಸಮ್ಮ ಬಿಲ್ಲುಗಾರ್ತಿ. ಏನು ಮಾಡುತ್ತೇವೆ ಅಂತ ಅವರು ಹೇಳುತ್ತಾರೆ, ಆಯಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ರಾಕ್ಷಸ, ಕೋಟೆ ಯಾವುದಕ್ಕೂ ತಕರಾರಿಲ್ಲ. ಜಗಳವೆಲ್ಲ ಒಂದಕ್ಕೇ: ಕೋಟೆಗೆ ಹೋಗುವ ದಾರಿಯ ಕಾಡಿನಲ್ಲಿ ಅಪಾಯ ಎಷ್ಟಿರಬೇಕು?

ರಾಜಕುಮಾರನ ಮರಣ

ಮೊದಲ ಸಲ ಕಾಡನ್ನು ಕಾಡಿನ ಹಾಗೇ ಇಟ್ಟೆ. ಕಂಡಕ್ಟರು ತಮ್ಮ ರಾಜಕುಮಾರನಿಗೆ ಮುತ್ತಾತನ ಚರಿತ್ರೆ, ಕಳೆದುಹೋದ ತಂಗಿ, ಸೇಡಿನ ಶಪಥ ಎಲ್ಲ ಹೊಂದಿಸಿಕೊಂಡು ಬಂದಿದ್ದರು. ರಾಜಕುಮಾರ ಕಾಡಿಗೆ ಕಾಲಿಟ್ಟವನೇ ಹಳ್ಳದ ನೀರು ಕುಡಿದ. ದಾಳ ಕೈಕೊಟ್ಟಿತು. ಭೇದಿ ಹತ್ತಿ ಸತ್ತ.

"ಭೇದೀನಾ? ರಾಕ್ಷಸನ ಕೈಲಿ ಸಾಯ್ಬೇಕಾದೋನು ಭೇದಿ ಆಗಿ ಸಾಯೋದಾ? ಇದ್ಯಾವ ನ್ಯಾಯ ಸಾ?"

"ಕಾಡು ಅಂದಮೇಲೆ ಇದೆಲ್ಲ ಇರುತ್ತೆ" ಅಂದೆ. ಕಂಡಕ್ಟರು ಎದ್ದು ಹೋದರು.

ಬೆಳಗ್ಗೆ ಅವರ ಹೆಂಡತಿಯ ಫೋನು. "ಏನ್ ಸಾ, ನಮ್ಮನೆಯವ್ರು ಡ್ಯೂಟಿಗೂ ಹೋಗ್ದೆ ಮಲಗವ್ರೆ. ಕೇಳುದ್ರೆ 'ನಾನು ಸತ್ತೋದೆ' ಅಂತಾರೆ. ಹೆಂಗಾದ್ರೂ ಮಾಡಿ ಬದುಕಿಸ್ಬುಡಿ, ಅಲ್ಲಿ ಬಸ್ಸು ಕಾಯ್ತಾ ಐತೆ."

ಏನೂ ಇಲ್ಲದ ಕಾಡು

ಬದುಕಿಸಿದೆ. ಅಪಾಯದ ಸಹವಾಸವೇ ಬೇಡ ಅಂತ ಮುಂದಿನ ವಾರ ಸಲೀಸಾಗಿ ಹೇಳಿದೆ: "ತಂಗಾಳಿ ಬೀಸುತ್ತಿದೆ. ದಾರಿ ಪಕ್ಕ ಒಂದು ಕಲ್ಲಿದೆ. ನೀವು ಕಾಡು ದಾಟಿದಿರಿ."

"ಆಗಂಡಿ ಸಾರ್, ಸ್ವಲ್ಪ ನಿಲ್ಲಿ" ಅಂದರು ಪಾವಗಡದ ಮಂತ್ರವಾದಿ, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ. "ಕಲ್ಲು ಯಾಕೆ ಹೇಳಿದ್ರಿ?"

"ಸುಮ್ಮನೆ."

"ಸುಮ್ಮನೆ ಯಾರೂ ಕಲ್ಲು ಹೇಳಲ್ಲ. ಏದೋ ಉಂದಿ, ಅದ್ರಲ್ಲಿ ಏನೋ ಇದೆ."

ಬಿಲ್ಲುಗಾರ್ತಿ ಕಲ್ಲಿಗೆ ಬಾಣ ಬಿಟ್ಟಳು. ರಾಜಕುಮಾರ ಹಗ್ಗ ಕಟ್ಟಿ ಎಳೆದ. ಮಂತ್ರವಾದಿ ತನಗೆ ಗೊತ್ತಿದ್ದ ಮಂತ್ರವನ್ನೆಲ್ಲ ಕಲ್ಲಿನ ಮೇಲೆ ಸುರಿದ. ಕಾಫಿ ಬಂತು, ಲೋಟ ಖಾಲಿಯಾಯಿತು, ಹೊತ್ತು ಇಳಿಯಿತು, ಇವರು ಕಲ್ಲು ಬಿಟ್ಟು ಕದಲಲಿಲ್ಲ.

"ಅದು ಬರೀ ಕಲ್ಲು ಕಣ್ರೀ!" ಅಂತ ಕಿರುಚಿಬಿಟ್ಟೆ.

ಮಂತ್ರವಾದಿ ಮಿಕ್ಕವರ ಕಡೆ ತಿರುಗಿ ಮರುಕದಿಂದ ಅಂದರು: "ಅಯಿಪೋಯಿಂದಿ, ಮುಗೀತು ಕಥೆ. ಕಲ್ಲು ಸಾರ್ ಮೇಲೂ ಮಂತ್ರ ಹಾಕ್ಬಿಡ್ತು."

ಗುಡ್ಡದ ಮೇಲೆ

ನರ್ಸಮ್ಮನಿಗೆ ಇದೆಲ್ಲ ಸಾಕಾಗಿತ್ತು. "ಫ್ಯಾನ್ ಕೆಳಗೆ ಕೂತ್ರೆ ಕಾಡು ಹೆಂಗೆ ಗೊತ್ತಾಗುತ್ತೆ? ನಮ್ಮ ಕಡೆ ಗುಡ್ಡಕ್ಕೆ ಬನ್ನಿ, ಅಲ್ಲೇ ಆಡೋಣ" ಅಂದರು. ಇದಾದರೂ ಜಗಳ ಮುಗಿಸಲಿ ಅಂತ ಒಪ್ಪಿದೆ.

ಬಂಡೆಯ ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಚಿ, ದಾಳ ಹರಡಿ ಕೂತೆವು. ನಾನು ದನಿ ತಗ್ಗಿಸಿ ಶುರುಮಾಡಿದೆ: "ಎಲ್ಲೆಲ್ಲೂ ಮೌನ. ಹಿಂದಿನ ಪೊದೆ ಅಲುಗಾಡುತ್ತಿದೆ..."

ಹಿಂದಿನ ಪೊದೆ ಅಲುಗಾಡಿತು.

"ಆಹಾ! ಇವತ್ತು ಕಳೆ ಕಟ್ತು ಸಾ" ಅಂದರು ಕಂಡಕ್ಟರು.

ಪೊದೆಯಿಂದ ಕರಡಿಯ ಮೂತಿ ಹೊರಗೆ ಬಂತು.

ಮೊದಲು ಓಡಿದವನು ನಾನು. ಹಿಂದೆಯೇ ರಾಜಕುಮಾರ, ಮಂತ್ರವಾದಿ, ಬಿಲ್ಲುಗಾರ್ತಿ. ಚಪ್ಪಲಿ, ಚಿತ್ರಾನ್ನ, ದಾಳ ಎಲ್ಲ ಕರಡಿಯ ಪಾಲು. ಡಾಂಬರು ರಸ್ತೆ ಸಿಗುವವರೆಗೆ ಒಬ್ಬರೂ ಹಿಂತಿರುಗಿ ನೋಡಲಿಲ್ಲ. ಮೋರಿ ಕಟ್ಟೆಯ ಮೇಲೆ ಕುಸಿದು ಕೂತು, ಉಸಿರು ವಾಪಸ್ ಬಂದಮೇಲೆ, "ಈಗಲಾದರೂ ಒಪ್ಪಿಕೊಳ್ಳಿ, ಕಾಡು ಅಂದರೆ ಹೀಗೇ" ಅಂದೆ.

ಚೂಡಿದಾರಕ್ಕೆ ಹತ್ತಿದ ಮುಳ್ಳು ಕೀಳುತ್ತಿದ್ದ ನರ್ಸಮ್ಮ ತಲೆಯೆತ್ತಿ ನನ್ನನ್ನೇ ದುರುಗುಟ್ಟಿ ನೋಡಿದರು.

"ಅದೆಲ್ಲ ಸರಿ ಸರ್. ಆದ್ರೆ ಕರಡಿ ಕರೆಸೋಕ್ಮುಂಚೆ ನೀವು ದಾಳ ಹಾಕ್ಬೇಕಿತ್ತು ತಾನೆ?"