ನಮ್ಮ ಮಾವನ ನ್ಯಾನೋ ಕಣಗಳು

ಬಸ್ಸಿನಲ್ಲಿ ನಮ್ಮ ಸೋದರಮಾವನ ಪಕ್ಕದ ಸೀಟಿನಲ್ಲಿ ಕೂತು ಬಡವನಹಳ್ಳಿಯಿಂದ ಮಧುಗಿರಿಗೆ ನೆಮ್ಮದಿಯಾಗಿ ಬಂದವರು ಯಾರಾದರೂ ಇದ್ದರೆ, ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ ಎಂದೇ ಅರ್ಥ! ಪೌರಾಣಿಕ ನಾಟಕಗಳಿಗೆ ಕಿರೀಟ, ಗದೆ, ಜರಿ ಅಂಗಿ ಬಾಡಿಗೆಗೆ ಕೊಡುವ ಮನುಷ್ಯ ಅವನು. ಓದಿದ್ದು ಏಳನೇ ತರಗತಿ. ಅಂಥವನಿಗೆ ಕಳೆದ ವರ್ಷ ಇದ್ದಕ್ಕಿದ್ದಂತೆ ಕ್ಯಾನ್ಸರ್ ವಿಜ್ಞಾನದ ಹುಚ್ಚು ಹಿಡಿಯಿತು.

ಅದಕ್ಕೆ ಕಾರಣ ಪತ್ರಿಕೆಯ ಒಂದು ತುಣುಕು. ವಿಜ್ಞಾನಿಗಳು ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಕಣಗಳನ್ನು ತಯಾರಿಸಿ, ಅವಕ್ಕೆ ಬಿಳಿ ರಕ್ತಕಣದ ಪೊರೆ ಹೊದಿಸುತ್ತಾರಂತೆ. ದೇಹ ಅವನ್ನು ತನ್ನದೇ ಕಾವಲುಪಡೆ ಎಂದುಕೊಂಡು ಸುಮ್ಮನೆ ಬಿಡುತ್ತದಂತೆ. ಅವು ಗೆಡ್ಡೆಯನ್ನು ಹುಡುಕಿಕೊಂಡು ಹೋಗಿ ಔಷಧಿ ಇಳಿಸುತ್ತವಂತೆ. ಮಾವ ಇಷ್ಟನ್ನೂ ಬಾಯಿಪಾಠ ಮಾಡಿದ. ಗೌಡಗೆರೆಯಲ್ಲಿ ಭೀಮನ ಪಾತ್ರದವನಿಗೆ ಮೀಸೆ ಅಂಟಿಸುತ್ತ ಹೇಳಿದ. ಮೀಸೆ ಒಣಗುವ ತನಕ ಬಾಯಿ ತೆರೆಯುವಂತಿಲ್ಲದ ಭೀಮ ಪೂರ್ತಿ ಕೇಳಬೇಕಾಯಿತು. ಸಿರಾದಲ್ಲಿ ಜರಿ ಮಾರುವ ಸಾಹೇಬರು ತಾಳ್ಮೆಯಿಂದ ಕೇಳಿಸಿಕೊಂಡು, ಅಷ್ಟು ಸಣ್ಣ ಅಂಗಿ ಹೊಲಿಯುವ ದರ್ಜಿ ಯಾರು ಎಂದರಂತೆ. ಮಾವ ಆ ಪ್ರಶ್ನೆಯನ್ನೂ ಗಂಭೀರವಾಗಿಯೇ ತೆಗೆದುಕೊಂಡ!

ನಾನು ಮಧುಗಿರಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿ. ಒಂದು ದಿನ ತಪಾಸಣೆಗೆ ಅಧಿಕಾರಿಗಳು ಬಂದಿದ್ದಾಗಲೇ ಮಾವ ಬರಬೇಕೇ? ಕಂಕುಳಲ್ಲಿ ಗದೆ ಇರುಕಿಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ. ನನ್ನನ್ನು ಕೇಳಬೇಕಾದ್ದು ಏನೋ ಇದೆ ಎಂದ. ಅಷ್ಟರಲ್ಲಿ ಅಧಿಕಾರಿಗಳು ಕಣ್ಣಿಗೆ ಬಿದ್ದರು, ಅವರಿಗೇ ಪೊರೆಯ ಪಾಠ ಶುರುಮಾಡಿದ. ಸಹೋದ್ಯೋಗಿಗಳು ತಲೆ ತಗ್ಗಿಸಿ ನಗುತ್ತಿದ್ದರು. ಯಾರಿವರು ಎಂದು ಅಧಿಕಾರಿಗಳು ನನ್ನನ್ನು ಕೇಳಿದರು.

"ನಮ್ಮೂರ ಕಡೆಯವರು ಸಾರ್. ತಲೆ ಸ್ವಲ್ಪ ಸರಿ ಇಲ್ಲ," ಎಂದೆ.

ಮಾವನಿಗೆ ಕೇಳಿಸಿತು. ಎಲ್ಲರಿಗೂ ಕೈಮುಗಿದು ಹೊರಟುಹೋದ. ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಮನುಷ್ಯ. ಹಿಂದೆಯೇ ಓಡಿದೆನೇ? ಇಲ್ಲ. ಎಂಟನೇ ತರಗತಿಗೆ ಹೋಗಿ ಜೀವಕೋಶದ ಚಿತ್ರ ಬರೆಸಿದೆ.

ಎರಡು ತಿಂಗಳು ಮಾವನ ಮನೆ ಕಡೆ ತಲೆಹಾಕಲಿಲ್ಲ. ಆಮೇಲೆ ಅಮ್ಮ ಫೋನ್ ಮಾಡಿದರು. ಮಾವನ ಹೆಂಡತಿ, ನಮ್ಮ ಅತ್ತೆಗೆ, ಎದೆಯಲ್ಲಿ ಗಂಟಾಗಿ ಬಹಳ ದಿನವಾಗಿದೆ. ತುಮಕೂರಿನ ಡಾಕ್ಟರು ಆಪರೇಷನ್, ಕೀಮೋ ಎಂದಿದ್ದಾರೆ. ಅತ್ತೆ ಕೊಯ್ಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಾಳೆ.

ರಜೆ ಹಾಕಿ ಹೋದೆ. ಮಾವ ಅಂಗಳದಲ್ಲಿ ಕಿರೀಟ ಒರೆಸುತ್ತಿದ್ದ. ಕ್ಷಮೆ ಕೇಳಲು ಬಂದ ನಾನು ಪಕ್ಕದಲ್ಲಿ ಕೂತು ಇನ್ನೊಂದು ಕಿರೀಟ ಕೈಗೆತ್ತಿಕೊಂಡೆ. ಅವನೇ ಶುರುಮಾಡಿದ.

"ಆ ಕಣ ಈಗ ಸಿಗ್ತೈತೇನವ್ವ? ಅವತ್ತು ಅದನ್ನೇ ಕೇಳಾಕೆ ಬಂದಿದ್ದೆ."

ಇನ್ನೂ ಇಲಿಗಳ ಮೇಲೆ ಪ್ರಯೋಗ ನಡೆಯುತ್ತಿದೆ, ಕಾಯುತ್ತ ಕೂರುವಂತಿಲ್ಲ ಎಂದೆ. ಅವತ್ತೇ ಹೇಳಬಹುದಾಗಿದ್ದ ಮಾತು! ಮಾವ ಒರೆಸಿದ ಕಿರೀಟವನ್ನೇ ಮತ್ತೆ ಒರೆಸಿದ.

"ಊರಿಗೆಲ್ಲ ಹೇಳ್ದೆ. ಇವಳ ಮುಂದೆ ಕೂತ್ರೆ ಗಂಟ್ಲು ಕಟ್ತೈತೆ ಕಣವ್ವ. ನೀನೇ ಹೇಳ್ಬುಡು."

ಒಳಗೆ ಹೋಗಿ ಅತ್ತೆಯ ಪಕ್ಕ ಕೂತು ಎಲ್ಲ ಹೇಳಿದೆ. ಕಣದ ವಿಷಯ, ಅವಳಿಗಾಗಿ ಮಾವ ಕಂಡಕಂಡವರ ಮುಂದೆ ಅದನ್ನೇ ಹೇಳಿಕೊಂಡು ತಿರುಗಿದ್ದು, ಅದು ಸದ್ಯಕ್ಕೆ ನಮಗಿಲ್ಲ ಎಂಬುದು, ಕೈಗೆ ಸಿಗುವ ಚಿಕಿತ್ಸೆ ಏನೆಂಬುದು. ಸ್ಟಾಫ್ ರೂಮಿನಲ್ಲಿ ನಾನಾಡಿದ ಮಾತನ್ನೂ ಬಚ್ಚಿಡಲಿಲ್ಲ. ಬೈಯುತ್ತಾಳೆಂದು ಕಾದೆ. ಅವಳ ಮನಸ್ಸು ಬೇರೆಲ್ಲೋ ಇತ್ತು.

"ನನ್ ಕಾಯಿಲೆ ನೋಡಕ್ಕಾಗ್ದೆ ಮನೆ ಬುಟ್ಟು ತಿರುಗ್ತಾವ್ರೆ ಅಂದ್ಕೊಂಡಿದ್ದೆ," ಎಂದಳು. ಆಮೇಲೆ ಬಾಗಿಲ ಕಡೆ ತಿರುಗಿ ಕರೆದಳು. "ಒಳಕ್ಕೆ ಬನ್ನಿ. ಆಸ್ಪತ್ರೆಗೆ ಯಾವಾಗ ಹೋಗನ?"

ಮಾವ ಮುಖ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತ. ನನ್ನೆದುರಿಗೇ ಅವಳ ಕೈ ಹಿಡಿದುಕೊಂಡ.

ಆಪರೇಷನ್ ಆಗಿದೆ, ಕೀಮೋ ನಡೆಯುತ್ತಿದೆ. ಪ್ರತಿ ಸಲವೂ ನಾನೇ ಜೊತೆಗೆ ಹೋಗುತ್ತೇನೆ. ಎರಡು ತಿಂಗಳು ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ಕೇಳಲು ಮಾತ್ರ ನನಗೆ ಇವತ್ತಿಗೂ ಧೈರ್ಯ ಬಂದಿಲ್ಲ.