ಬೆಕ್ಕಿನ ಸುಳಿ ನೋಡಿದ್ದು

ಪ್ರಾಣಿಗಳ ವಿಷಯದಲ್ಲಿ ‘ಗೊತ್ತಿಲ್ಲ’ ಎಂದು ಹೇಳಿ ನನಗೆ ಅಭ್ಯಾಸವಿಲ್ಲ. ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಅಕ್ಷರದ ಮಾತಿಗೆ ಬಂದರೆ ಯಾರು ಏನು ಹೇಳಿದರೂ ತಲೆಯಾಡಿಸಿ ಸುಮ್ಮನಾಗುತ್ತೇನೆ. ಆದರೆ ನಾಲ್ಕು ಕಾಲಿನದನ್ನು ತಂದು ಮುಂದೆ ನಿಲ್ಲಿಸಿದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಹೇಮಗಿರಿಯ ದನದ ಜಾತ್ರೆಗೆ ಎತ್ತು ಕೊಳ್ಳಲು ಹೊರಟವರು ನಮ್ಮ ಜಗಲಿಗೆ ಬಂದು, ಕಾಫಿ ಕುಡಿದು, ನನ್ನನ್ನೂ ಗಾಡಿ ಹತ್ತಿಸಿಕೊಂಡೇ ಹೋಗುತ್ತಿದ್ದ ಕಾಲವಿತ್ತು. ಬಾಯಿ ಬಿಡಿಸಿ ಹಲ್ಲು ನೋಡಿ, ಮೈಮೇಲೆ ಕೂದಲು ಸುತ್ತಿಕೊಂಡಿರುವ ಸುಳಿ ಎಲ್ಲೆಲ್ಲಿದೆ ಎಂದು ಹುಡುಕಿ, ಬಾಲ ನೀವಿ, ನಾಲ್ಕು ಹೆಜ್ಜೆ ನಡೆಸಿ, ಅಸಲಿ ಹಳ್ಳಿಕಾರ್ ತಳಿ ಹೌದೋ ಅಲ್ಲವೋ ಎಂದು ಹೇಳಿಬಿಡುತ್ತಿದ್ದೆ. ಇಂಥವನಿಗೆ ಒಂದು ಬೆಕ್ಕು ಯಾವ ಲೆಕ್ಕ?

ಬೆಕ್ಕನ್ನು ಮನೆಗೆ ತಂದವಳು ನನ್ನ ಮೊಮ್ಮಗಳು ಚಾರು. ಇವಳ ವಿಷಯ ಶುರು ಮಾಡಿದರೆ ನಾನು ನಿಲ್ಲಿಸುವುದಿಲ್ಲ, ಆದ್ದರಿಂದ ಸ್ವಲ್ಪವೇ ಹೇಳುತ್ತೇನೆ. ಮೂರನೇ ಕ್ಲಾಸು. ಬರುವ ವರ್ಷ ಓದಿನಲ್ಲಿ ನನ್ನ ಸಮಕ್ಕೆ ಬರುತ್ತಾಳೆ, ಅದರಾಚೆ ವರ್ಷ ನನ್ನನ್ನು ದಾಟುತ್ತಾಳೆ. ಆ ದಿನ ಊರಿಗೆಲ್ಲ ಪಾಯಸ ಮಾಡಿಸಬೇಕೆಂದಿದ್ದೇನೆ. ಸಂಜೆ ನನ್ನ ಜೊತೆ ಡೈರಿಗೆ ಹಾಲು ಹಾಕಲು ಬಂದವಳು, ಖಾಲಿ ಕ್ಯಾನುಗಳ ಹಿಂದೆ ಕೂತಿದ್ದ ಬಿಳೀ ಮರಿಯನ್ನು ಎತ್ತಿಕೊಂಡೇ ಬಂದಳು. ಮೈತುಂಬ ಕೂದಲು, ಬಾಲವಂತೂ ಮೈಗಿಂತ ದಪ್ಪ. ಆಗ ತಾನೇ ಕರೆದ ಹಾಲಿನ ನೊರೆ ಹಾಗಿತ್ತು. ಹೆಸರೂ ನೊರೆ ಎಂದೇ ಆಯಿತು.

ತೊಡಕು ಬಂದದ್ದು ನನ್ನ ಹೆಂಡತಿ ಸಾಕಮ್ಮನಿಂದ. ಅವಳ ತಂಗಿ ಪಾಂಡವಪುರದಲ್ಲಿ ಪರ್ಷಿಯನ್ ಬೆಕ್ಕು ಸಾಕಿದ್ದಾಳೆ. ಹೋದ ಸಲ ಸಾಕಮ್ಮ ಅದನ್ನು ಮುಟ್ಟಲು ಹೋದಾಗ ತಂಗಿ, “ಅದು ಪರ್ಷಿಯನ್ನು ಕಣಕ್ಕ, ಕೈ ತೊಳ್ಕೊಂಡು ಮುಟ್ಟು,” ಎಂದಳಂತೆ. ಅಕ್ಕನಾದವಳಿಗೆ ಹೇಗಾಗಬೇಡ? ಅಂದಿನಿಂದ ನಮ್ಮ ಮನೆಯಲ್ಲಿ ಬೆಕ್ಕು ಎಂದರೆ ಪಾಂಡವಪುರದ ಬೆಕ್ಕೇ.

“ನೋಡವ್ವ,” ಎಂದು ಮೊಮ್ಮಗಳಿಗೆ ಹೇಳಿದಳು. “ಇದು ಪರ್ಷಿಯನ್ನೇ ಆಗಿದ್ರೆ ಇರ್ಲಿ. ಬೀದಿ ಬೆಕ್ಕಾದ್ರೆ ಭಾನ್ವಾರ ಎತ್ಕೊಂಡೋಗಿ ಡೈರಿ ತಾವ್ಲೇ ಬುಟ್ಬುಡ್ಬೇಕು. ನಾನ್ ಹಾಲ್ ಕಾಯ್ಕಂಡು ಕೂರಕಾಗಲ್ಲ.”

ಚಾರು ಅಳಲಿಲ್ಲ. ಬೆಕ್ಕನ್ನು ತಂದು ನನ್ನ ಮಡಿಲಲ್ಲಿಟ್ಟಳು. “ತಾತ, ನೀನೇ ನೋಡಿ ಹೇಳು.”

ಆ ‘ನೀನೇ’ ಎಂಬುದರಲ್ಲಿ ಇದ್ದ ನಂಬಿಕೆಯನ್ನು ಏನು ಹೇಳಲಿ! ಪಂಚೆ ಎತ್ತಿ ಕಟ್ಟಿ ಅಂಗಳದಲ್ಲಿ ಕೂತೆ. ಮೊದಲು ಹಲ್ಲು. ದನವಾದರೆ ಮೂಗುದಾರ ಹಿಡಿದರೆ ಬಾಯಿ ಬಿಡುತ್ತದೆ. ನೊರೆಗೆ ಮೂಗುದಾರವಿಲ್ಲ, ಹಲ್ಲು ತೋರಿಸುವುದಕ್ಕಿಂತ ಊರುವುದೇ ಅದಕ್ಕೆ ಇಷ್ಟ. ಹೆಬ್ಬೆರಳಿಗೆ ಅರಿಸಿನ ಹಚ್ಚಿಕೊಂಡು ಸುಳಿಗೆ ಬಂದೆ. ಆ ಕೂದಲಲ್ಲಿ ಸುಳಿ ಹುಡುಕುವುದು ಹುಲ್ಲಿನ ಮೆದೆಯಲ್ಲಿ ಉಂಗುರ ಹುಡುಕಿದಂತೆ. ನಡೆಸಿ ನೋಡೋಣವೆಂದು ಕೆಳಗೆ ಬಿಟ್ಟರೆ ನಡೆಯದೆ ಅಟ್ಟ ಹತ್ತಿತು. ಇಷ್ಟಾದರೂ ನಾನು ಧೈರ್ಯವಾಗಿ, “ಬಾಲ ನೋಡು ಮಗ, ಪರ್ಷಿಯನ್ನೇ, ಅನುಮಾನವೇ ಇಲ್ಲ,” ಎಂದುಬಿಟ್ಟೆ. ಪರ್ಷಿಯನ್ ಬೆಕ್ಕನ್ನು ನಾನು ಅದುವರೆಗೆ ನೋಡಿರಲಿಲ್ಲ ಎಂಬುದು ಬೇರೆ ಮಾತು.

ಸಾಕಮ್ಮ ಒಪ್ಪಲಿಲ್ಲ. “ನಿಮ್ ಬಾಯಲ್ಲಿ ನಾಳೆ ನಮ್ ಕೋಳಿನೂ ಪರ್ಷಿಯನ್ನೇ ಆಯ್ತದೆ,” ಎಂದಳು. ಚಾರು ಅವಳಪ್ಪನ ಫೋನು ತಂದು ಫೋಟೋ ತೆಗೆದಳು. ಈಗ ಫೋನಿಗೇ ತೋರಿಸಿದರೆ ತಳಿ ಹೇಳುತ್ತದಂತೆ. ಮೊದಲ ಸಲ ಪರ್ಷಿಯನ್ ಎಂದಿತು. ನಾನು ಮೀಸೆ ನೀವಿಕೊಂಡೆ. ಎರಡನೇ ಸಲ ಯಾವುದೋ ಬಾಯಿ ತಿರುಗದ ಹೆಸರು. ಮೂರನೇ ಸಲ ಬೆಕ್ಕು ಸುರುಟಿಕೊಂಡು ಮಲಗಿತ್ತು, ಫೋನು ಅದನ್ನು ಕಂಬಳಿ ಎಂದಿತು. ಆದರೂ ಮೂರರಲ್ಲಿ ಒಂದು ಮಾತು ನನ್ನ ಕಡೆಗಿತ್ತು ಎಂಬುದನ್ನು ಓದುಗರು ಮರೆಯಬಾರದು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬೆಕ್ಕನ್ನು ಬುಟ್ಟಿಯಲ್ಲಿಟ್ಟು, ಮೇಲೆ ನನ್ನ ಟವಲು ಕಟ್ಟಿ, ನಾವಿಬ್ಬರೂ ಹೊಣಕೆರೆಯಲ್ಲಿ ನಾಗಮಂಗಲದ ಬಸ್ಸು ಹತ್ತಿದೆವು. ಕಂಡಕ್ಟರು, “ಬುಟ್ಟೀಲಿ ಏನ್ ಯಜಮಾನ್ರೇ, ಕೋಳಿಯಾ?” ಎಂದ. ಚಾರು, “ಪರ್ಷಿಯನ್ನು,” ಎಂದಳು. “ಅಂಗಾರೆ ಕಿಟ್ಕಿ ತಾವ ಕೂರ್ಸವ್ವ,” ಎಂದ ಆತ. ತಿಳಿದವರು ಎಲ್ಲ ಕಡೆಯೂ ಇರುತ್ತಾರೆ.

ನಾಗಮಂಗಲದ ದನದ ಡಾಕ್ಟರು ನನಗೆ ಪರಿಚಯದವರು. ನಾನು ಬೆಕ್ಕು ತಂದದ್ದು ನೋಡಿ ನಗು ತಡೆದುಕೊಂಡರು. ನಿಧಾನವಾಗಿ ಕತ್ತು ಸವರಿ, ಮೂಗು ನೋಡಿ ಹೇಳಿದರು: “ಯಜಮಾನ್ರೇ, ಪರ್ಷಿಯನ್‌ಗೆ ಮುಖ ಚಪ್ಪಟೆ, ಮೂಗು ಒಳಕ್ಕೆ ಕೂತಿರುತ್ತೆ, ಕಾಲು ಗಿಡ್ಡ. ಇದರ ಮೂಗು ನಿಮ್ಮ ಮೂಗಿನ ಹಾಗೇ ಉದ್ದ ಇದೆ. ಬರೀ ಕೂದಲು ನೋಡಿ ತಳಿ ಹೇಳಕ್ಕಾಗಲ್ಲ. ಇದರ ಅಪ್ಪ ಅಮ್ಮ ಯಾವುದು ಅಂತ ಗೊತ್ತಾ?”

ಜಾತ್ರೆಯಲ್ಲಿ ಎತ್ತಿನ ಬಗ್ಗೆ ಬಡಾಯಿ ಕೊಚ್ಚುವವರನ್ನು ಸುಮ್ಮನಾಗಿಸಲು ಇಷ್ಟು ವರ್ಷ ನಾನು ಕೇಳುತ್ತಿದ್ದುದೂ ಇದೇ ಪ್ರಶ್ನೆ.

“ಹಾಗಾದ್ರೆ ಇದು ಯಾವ ತಳಿ ಡಾಕ್ಟ್ರೇ?” ಎಂದು ಚಾರು ಕೇಳಿದಳು.

“ಯಾವುದೂ ಅಲ್ಲ ಪುಟ್ಟ. ಬರೀ ಬೆಕ್ಕು. ಊರಲ್ಲಿರೋ ಬೆಕ್ಕುಗಳೆಲ್ಲ ಹೆಚ್ಚುಕಮ್ಮಿ ಬರೀ ಬೆಕ್ಕೇ. ಗಟ್ಟಿಯಾಗಿದೆ, ಚೆನ್ನಾಗಿ ಬಾಳುತ್ತೆ.”

ವಾಪಸು ಬರುವಾಗ ಬಸ್ಸಿನಲ್ಲಿ ನಾನೊಂದು ಸುಳ್ಳು ಜೋಡಿಸುತ್ತಿದ್ದೆ. ಡಾಕ್ಟರು ಅರ್ಧ ಪರ್ಷಿಯನ್ ಅಂದರು ಎಂದರೆ ಸಾಕಮ್ಮನಿಗೆ ಹೇಗೆ ತಿಳಿಯಬೇಕು? ಆದರೆ ಮೊಮ್ಮಗಳು ಹೊಸ್ತಿಲು ದಾಟುವ ಮೊದಲೇ, “ಅಜ್ಜಿ, ಬರೀ ಬೆಕ್ಕಂತೆ,” ಎಂದು ಹೇಳಿಬಿಟ್ಟಳು. ಜೋಡಿಸಿದ ಸುಳ್ಳು ವ್ಯರ್ಥವಾದರೂ ನನಗೆ ಹೆಮ್ಮೆಯಾಯಿತು. ನಮ್ಮ ವಂಶದಲ್ಲಿ ಯಾರೂ ಇಷ್ಟು ಬೇಗ ನಿಜ ಹೇಳಿದವರಿಲ್ಲ.

“ಅಂಗಾದ್ರೆ ನಾಳೆ...” ಎಂದು ಸಾಕಮ್ಮ ಶುರು ಮಾಡಿದಳು.

ಚಾರು ಕೇಳಿಸಿಕೊಳ್ಳಲಿಲ್ಲ. ನನ್ನನ್ನು ಜಗಲಿಯ ಮೇಲೆ ಕೂರಿಸಿ, ಗಲ್ಲ ಹಿಡಿದು, “ಬಾಯ್ ಬುಡು ತಾತ,” ಎಂದಳು. ಬಿಟ್ಟೆ. ಮೊಮ್ಮಗಳು ಹೇಳಿದರೆ ಬಿಡದೆ ಇರುತ್ತೇನೆಯೇ? ಹಲ್ಲು ಎಣಿಸಿದಳು. ತಲೆ ಬಗ್ಗಿಸಿ ಸುಳಿ ಹುಡುಕಿದಳು. ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿದಳು. ನಾನು ಕಲಿಸಿದ್ದರಲ್ಲಿ ಒಂದನ್ನೂ ಬಿಡಲಿಲ್ಲ.

“ಅಜ್ಜಿ, ತಾತಂಗೆ ಹಲ್ಲು ಏಳೇ ಅವೆ. ತಲೇಲಿ ಕೂದ್ಲೇ ಇಲ್ಲ, ಸುಳಿ ಎಲ್ಲಿ ನೋಡದು? ಎಡಗಾಲು ಎಳೀತದೆ. ತಾತಂದೂ ಯಾವ ತಳಿ ಅಂತ ಗೊತ್ತಾಯ್ತಿಲ್ಲ. ನಾಳಿಕೆ ಇಬ್ರುನೂವೆ ಡೈರಿ ತಾವ ಬುಟ್ಬರಾಣ?”

ಸಾಕಮ್ಮ ನನ್ನನ್ನು ಒಂದು ಸಲ, ಬೆಕ್ಕನ್ನು ಒಂದು ಸಲ ನೋಡಿದಳು. ಜಾತ್ರೆಯಲ್ಲಿ ಗಿರಾಕಿಯ ಮುಂದೆ ನಿಲ್ಲಿಸಿದ ಎತ್ತಿನಂತೆ ನಾನು ನೆಟ್ಟಗೆ ನಿಂತಿದ್ದೆ. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು ನೋಡಿ, ಅಷ್ಟು ನಕ್ಕದ್ದನ್ನು ನಾನು ನೋಡಿ ಬಹಳ ವರ್ಷವಾಗಿತ್ತು.

“ಇವ್ರನ್ನೇ ಇಷ್ಟು ದಿನ ಇಟ್ಕಂಡಿವ್ನಿ, ಅದೊಂದ್ ಭಾರವಾ? ಇಬ್ರೂ ಇರ್ಲಿ ಬುಡು.”

ಈಗ ಪಾಂಡವಪುರದಿಂದ ನಾದಿನಿ ಬಂದರೆ ಸಾಕಮ್ಮನೇ, “ಕೈ ತೊಳ್ಕೊಂಡು ಮುಟ್ಟು, ಅದು ನಮ್ ನೊರೆ,” ಎನ್ನುತ್ತಾಳೆ. ನಾನು ಮಾತ್ರ ಯಾರಾದರೂ ತಳಿ ಕೇಳಿದರೆ ಧೈರ್ಯವಾಗಿಯೇ ಹೇಳುತ್ತೇನೆ: ನಮ್ಮಿಬ್ಬರದೂ ಒಂದೇ ತಳಿ, ಸಾಕಮ್ಮ ಇಟ್ಟುಕೊಂಡದ್ದು. ಬೆಳಿಗ್ಗೆ ಹಾಲು ಕಾದ ಮೇಲೆ ಮೊದಲ ಪಾಲು ಅದರ ತಟ್ಟೆಗೆ ಹೋಗಿ, ಉಳಿದದ್ದು ನನ್ನ ಕಾಫಿಗೆ ಬರುವುದನ್ನು ನೋಡಿದರೆ, ಅದರದು ಸ್ವಲ್ಪ ಮೇಲಿನ ತಳಿಯೇ ಇರಬೇಕು.